ಬಿಳಿ ಅಂಚಿನ ದಾರಿ

ಶೇಫರ್ ಟ್ರೇಲ್‌ನ ನೆತ್ತಿಯಲ್ಲಿ ನಿಂತು ಕೆಳಗೆ ಕಣ್ಣು ಹಾಯಿಸಿದರೆ ಮೊದಲು ಕಾಣುವುದು ಗೋಡೆ. ಇಟ್ಟಿಗೆ ಬಣ್ಣದ, ನೆಟ್ಟಗೆ ಇಳಿದ, ಉದ್ದಕ್ಕೂ ಕಪ್ಪು ಕಂದು ಕಲೆ ಸೋರಿದ ಬಂಡೆಗೋಡೆ. ಅದರ ಮೈಗೆ ಒತ್ತಿಕೊಂಡು ಒಂದು ಕೆಂಪು ಗೆರೆ ಎಡಕ್ಕೆ ಹೋಗುತ್ತದೆ, ಮುರಿದು ಬಲಕ್ಕೆ ಬರುತ್ತದೆ, ಮತ್ತೆ ಎಡಕ್ಕೆ ಹೊರಳಿ ಇನ್ನಷ್ಟು ಕೆಳಗಿಳಿಯುತ್ತದೆ. ಗೆರೆಯ ಮೇಲೊಂದು ಬಿಳಿ ಚುಕ್ಕೆ ಧೂಳೆಬ್ಬಿಸುತ್ತ ಸರಿಯುತ್ತಿದೆ. ಅದು ಜೀಪು ಎಂದು ಗೊತ್ತಾದ ಮೇಲೆಯೇ ಗೆರೆ ರಸ್ತೆ ಎಂದು ಗೊತ್ತಾಗುವುದು. ಸದ್ದು ಇಲ್ಲಿಯವರೆಗೆ ಏರಿ ಬರುವುದಿಲ್ಲ. ಚುಕ್ಕೆ ಒಂದು ತಿರುವಿನಲ್ಲಿ ನಿಂತಿತು. ಕೆಳಗಿನಿಂದ ಏರಿ ಬರುತ್ತಿದ್ದ ಇನ್ನೊಂದು ಚುಕ್ಕೆಗೆ ಜಾಗ ಬಿಡಲು ಒಂದಿಷ್ಟು ಹಿಂದೆ ಸರಿಯಿತು. ಎರಡೂ ಒಂದಾದವು, ಬೇರೆಯಾದವು. ಏರುವವರಿಗೆ ದಾರಿ ಬಿಡಬೇಕು ಎಂಬ ಘಾಟಿಯ ಧರ್ಮ ಚಾರ್ಮಾಡಿಯಲ್ಲಿ ಹೇಗೋ ಇಲ್ಲೂ ಹಾಗೆಯೇ.

ಅಮೆರಿಕದ ಯೂಟಾ ರಾಜ್ಯದ ಆಗ್ನೇಯ ಮೂಲೆಯಲ್ಲಿರುವ ಕ್ಯಾನಿಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನ ಇದು. ಹತ್ತಿರದ ಊರು ಮೋವಾಬ್. ಪೂರ್ವದ ಕಡೆಯಿಂದ ಕೊಲರಾಡೊ, ಪಶ್ಚಿಮದ ಕಡೆಯಿಂದ ಗ್ರೀನ್ ಎಂಬ ಎರಡು ನದಿಗಳು ನೆಲವನ್ನು ಕೊರೆಯುತ್ತ ಬಂದು ದಕ್ಷಿಣದಲ್ಲಿ ಕೂಡುತ್ತವೆ. ನಡುವೆ ಕೊರೆಯಿಸಿಕೊಳ್ಳದೆ ಉಳಿದ ಎತ್ತರದ ನೆಲಕ್ಕೆ ‘ಐಲ್ಯಾಂಡ್ ಇನ್ ದ ಸ್ಕೈ’ ಎಂದು ಹೆಸರು. ಸಮುದ್ರಮಟ್ಟದಿಂದ ಸುಮಾರು 6,000 ಅಡಿ. ಅದರ ಅಂಚಿನಿಂದ 1,200 ಅಡಿ ಕೆಳಗೆ ಸುತ್ತಲೂ ಒಂದು ಜಗಲಿ ಹಬ್ಬಿದೆ. ಜಗಲಿಯ ತುದಿಗೆ ಬಿಳಿಚಿದ ಗಟ್ಟಿ ಮರಳುಗಲ್ಲಿನ ಅಂಚು. ಆ ಅಂಚಿನಿಂದ ಮತ್ತೆ ಸಾವಿರ ಅಡಿ ಕೆಳಗೆ ನದಿಗಳು. ಮೇಲೂ ಅಲ್ಲದ, ಕೆಳಗೂ ಅಲ್ಲದ ಆ ನಡುಜಗಲಿಯ ಮೇಲೆ ಎತ್ತರದ ನೆಲವನ್ನು ಬಳಸಿ ಬರುವ ಮಣ್ಣು-ಕಲ್ಲಿನ ದಾರಿಯೇ ವೈಟ್ ರಿಮ್ ರೋಡ್. ಸುತ್ತು ಪೂರ್ತಿಯಾದರೆ 100 ಮೈಲಿ, ಅಂದರೆ 160 ಕಿಲೋಮೀಟರ್. ಹೆದ್ದಾರಿಯ ಲೆಕ್ಕದಲ್ಲಿ ಎರಡು ಗಂಟೆಯ ಹಾದಿ. ಇಲ್ಲಿ ಜೀಪಿನವರು ಎರಡು ಮೂರು ದಿನ ಇಟ್ಟುಕೊಳ್ಳುತ್ತಾರೆ. ದಾರಿಯಲ್ಲಿ ಪೆಟ್ರೋಲಿಲ್ಲ, ಅಂಗಡಿಯಿಲ್ಲ, ಕುಡಿಯುವ ನೀರಿಲ್ಲ.

ನನ್ನನ್ನು ಕರೆದುಕೊಂಡು ಹೊರಟವನು ಸಕಲೇಶಪುರದ ಕಡೆಯ ಕಾಫಿತೋಟದ ಹುಡುಗ. ಈಗ ಸಾಲ್ಟ್ ಲೇಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸ. ಅಪ್ಪನ ಹಳೇ ಮಹೀಂದ್ರಾ ಜೀಪಿನಲ್ಲಿ ಗೊಬ್ಬರದ ಮೂಟೆ, ಕಾಫಿ ಚೀಲ, ಆಳುಕಾಳು ಎಲ್ಲವನ್ನೂ ಹೇರಿಕೊಂಡು ಮಳೆಗಾಲದ ಕೆಸರಿನಲ್ಲಿ ಗಾಡಿ ಕಲಿತವನು. ಎರಡನೇ ಮಹಾಯುದ್ಧದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದವು. ಯುದ್ಧ ಮುಗಿದ ಮೇಲೆ ಅದೇ ವಿಲ್ಲಿಸ್ ಜೀಪನ್ನು ಮಹೀಂದ್ರಾದವರು ಮುಂಬೈಯಲ್ಲಿ ಜೋಡಿಸತೊಡಗಿದರು. ಅದು ಮಲೆನಾಡಿನ ತೋಟಗಳಿಗೆ ಬಂತು. ಕೊಲ್ಲೂರಿನಿಂದ, ನಿಟ್ಟೂರಿನಿಂದ ಕೊಡಚಾದ್ರಿಗೆ ಜನರನ್ನು ಕುಲುಕಿಸಿ ಹತ್ತಿಸುವುದೂ ಅದರ ಸಂತತಿಯೇ. ಯುದ್ಧದಲ್ಲಿ ಉಳಿದ ಅದೇ ಜೀಪುಗಳು ಯೂಟಾದ ಈ ಮರುಭೂಮಿಗೂ ಬಂದವು. ಹಾಗಾಗಿ ಸ್ಟೀರಿಂಗ್ ಎಡಕ್ಕಿದೆ ಎನ್ನುವುದನ್ನು ಬಿಟ್ಟರೆ ಗೆಳೆಯನಿಗೆ ಇಲ್ಲಿ ಹೊಸದಾಗಿ ಕಲಿಯಬೇಕಾದ್ದು ಹೆಚ್ಚಿರಲಿಲ್ಲ. ಟೊಯೋಟಾ 4ರನ್ನರ್ ಅವನದು. ಗೇರಿಗೆ ಸಂಬಂಧಪಟ್ಟ ಮಾತು ಬಂದರೆ ಇಂಗ್ಲಿಷ್ ಬಿಟ್ಟು “ಫಸ್ಟ್ ಹಾಕಿ ಬಿಟ್ಬಿಡು, ತಾನೇ ಇಳಿಯುತ್ತೆ” ಎಂಬ ತೋಟದ ಭಾಷೆಗೆ ಇಳಿಯುತ್ತಾನೆ.

ಇಳಿಯುವ ಮೊದಲು ಟೈರಿನ ಗಾಳಿ ಬಿಡಬೇಕು. ಡಾಂಬರಿನ ಮೇಲೆ 35 ಪೌಂಡ್ ಒತ್ತಡದಲ್ಲಿ ಬಂದ ಟೈರನ್ನು ಇಪ್ಪತ್ತರ ಆಸುಪಾಸಿಗೆ ತರುವುದು ಇಲ್ಲಿನ ಪದ್ಧತಿ. ಗೆಳೆಯ ಒಂದೊಂದೇ ಚಕ್ರದ ಬಳಿ ಕುಕ್ಕರಗಾಲಿನಲ್ಲಿ ಕೂತು, ವಾಲ್ವಿಗೆ ಹಿತ್ತಾಳೆಯ ಸಣ್ಣ ಸಾಧನ ಸಿಕ್ಕಿಸಿ, ಮುಳ್ಳು ಇಳಿಯುವುದನ್ನು ನೋಡುತ್ತ ಕೂರುತ್ತಾನೆ. ಗಾಳಿ ಹೋಗುತ್ತಿದ್ದಂತೆ ಟೈರಿನ ಕೆನ್ನೆ ಉಬ್ಬಿ, ನೆಲ ಮುಟ್ಟುವ ಭಾಗ ಉದ್ದವಾಗುತ್ತದೆ. ಮೆತ್ತಗಾದ ರಬ್ಬರು ಕಲ್ಲಿನ ಚೂಪನ್ನು ತನ್ನೊಳಕ್ಕೆ ತೆಗೆದುಕೊಳ್ಳುತ್ತದೆ. ಬಿಗಿಯಾಗಿದ್ದರೆ ಅದೇ ಕಲ್ಲು ಟೈರನ್ನು ಸೀಳುತ್ತದೆ, ಮರಳಿನಲ್ಲಿ ಚಕ್ರ ಹೂತುಹೋಗುತ್ತದೆ. ಆಮೇಲೆ ಗೇರಿನ ಪಕ್ಕದ ಇನ್ನೊಂದು ಕೋಲನ್ನು ‘ಫೋರ್ ಲೋ’ಗೆ ಎಳೆಯುತ್ತಾನೆ. ಎಂಜಿನ್ ಅಷ್ಟೇ ತಿರುಗುತ್ತದೆ, ಚಕ್ರ ಮಾತ್ರ ಅದರ ಎಷ್ಟೋ ಪಾಲು ನಿಧಾನ. ವೇಗ ಕೊಟ್ಟು ಬಲ ಕೊಂಡುಕೊಳ್ಳುವ ವ್ಯಾಪಾರ. ಇಂಥ ಲೋ ಗೇರಿಲ್ಲದ ವಾಹನವನ್ನು ಉದ್ಯಾನದವರು ಈ ದಾರಿಗೆ ಬಿಡುವುದಿಲ್ಲ. ಬರೀ ಎತ್ತರದ, ಗಡಸು ಮುಖದ, ಜಾಹೀರಾತಿನಲ್ಲಿ ಬೆಟ್ಟ ಹಾರುವ ಎಸ್‌ಯುವಿ ಸಾಲದು.

ಇಳಿಜಾರಿನಲ್ಲಿ ಬ್ರೇಕಿನ ಕೆಲಸ ಕಡಿಮೆ. ಗೇರೇ ಗಾಡಿಯನ್ನು ಹಿಡಿದುಕೊಂಡಿರುತ್ತದೆ. ಒಂದು ಕಡೆ ವಿಂಗೇಟ್ ಮರಳುಗಲ್ಲಿನ ಗೋಡೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಇನ್ನೊಂದು ಕಡೆ ಕಿಟಕಿಯಲ್ಲಿ ನೆಲವೇ ಕಾಣುವುದಿಲ್ಲ, ದೂರದ ಇನ್ನೊಂದು ಗೋಡೆ ಮಾತ್ರ. ಇದನ್ನು ಜೀಪಿಗೆಂದು ಯಾರೂ ಮಾಡಲಿಲ್ಲ. ಮೇಲಿನ ಹುಲ್ಲು, ಬೇಟೆ, ಸೌದೆಗಾಗಿ ಮೂಲನಿವಾಸಿಗಳು ಹತ್ತಿಳಿಯುತ್ತಿದ್ದ ಜಾಡು ಮೊದಲಿನದು. ಇಪ್ಪತ್ತನೇ ಶತಮಾನದ ಮೊದಲಲ್ಲಿ ಶೇಫರ್ ಮನೆತನದವರು ಚಳಿಗಾಲಕ್ಕೆ ದನಗಳನ್ನು ಕೆಳಗಿನ ಜಗಲಿಗೆ ಹೊಡೆದುಕೊಂಡು ಹೋಗಲು ಅದನ್ನು ಅಗಲ ಮಾಡಿದರು. ಮುಖ್ಯ ಬದಲಾವಣೆ ಬಂದಿದ್ದು 1950ರ ದಶಕದಲ್ಲಿ, ಯುರೇನಿಯಂ ಹುಚ್ಚಿನೊಡನೆ.

ಆ ಹುಚ್ಚಿನ ನಾಯಕ ಚಾರ್ಲಿ ಸ್ಟೀನ್. ಟೆಕ್ಸಸ್‌ನ ಭೂವಿಜ್ಞಾನಿ, ಕೈಯಲ್ಲಿ ಕಾಸಿಲ್ಲ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಗುಡಿಸಲಿನಂಥ ಮನೆಯಲ್ಲಿ ವಾಸ. ಅವನ ಲೆಕ್ಕಾಚಾರವನ್ನು ಯಾರೂ ನಂಬಿರಲಿಲ್ಲ. 1952ರ ಜುಲೈಯಲ್ಲಿ ಮೋವಾಬ್‌ನ ಆಗ್ನೇಯಕ್ಕಿರುವ ಲಿಸ್ಬನ್ ಕಣಿವೆಯಲ್ಲಿ ಕೊರೆಯುತ್ತಿದ್ದಾಗ ಸುಮಾರು 200 ಅಡಿ ಆಳದಲ್ಲಿ ಕೊರಕ ಮುರಿಯಿತು. ಮೇಲೆ ಬಂದ ಕಪ್ಪು ಕಲ್ಲಿನ ತುಂಡುಗಳನ್ನು ಜೀಪಿನಲ್ಲಿ ಹಾಕಿಕೊಂಡು ಹೋಗಿ ಸಿಸ್ಕೊ ಎಂಬ ಹಳ್ಳಿಯ ಪೆಟ್ರೋಲ್ ಬಂಕಿನಲ್ಲಿ ಗೈಗರ್ ಕೌಂಟರಿಗೆ ಹಿಡಿದಾಗ ಮುಳ್ಳು ತುದಿಗೆ ಹೋಗಿ ನಿಂತಿತು. ಅದು ಪಿಚ್‌ಬ್ಲೆಂಡ್, ಯುರೇನಿಯಂನ ಒಳ್ಳೆಯ ಅದಿರು. ಅಲ್ಲಿಂದ ಊರಿನ ಗತಿಯೇ ಬದಲಾಯಿತು. 1950ರಲ್ಲಿ 1,274 ಜನರಿದ್ದ ಮೋವಾಬ್‌ನಲ್ಲಿ 1960ಕ್ಕೆ 4,682 ಜನ. ಊರು ತನ್ನನ್ನು ತಾನು ಜಗತ್ತಿನ ಯುರೇನಿಯಂ ರಾಜಧಾನಿ ಎಂದು ಕರೆದುಕೊಂಡಿತು. ಸರ್ಕಾರಕ್ಕೆ ಬಾಂಬಿಗೆ ಅದಿರು ಬೇಕಿತ್ತು. ಅಣುಶಕ್ತಿ ಆಯೋಗ ದುಡ್ಡು ಸುರಿಯಿತು. ಬುಲ್‌ಡೋಜರುಗಳು ಎಲ್ಲಿ ಬೇಕೋ ಅಲ್ಲಿ ನುಗ್ಗಿದವು. ಶೇಫರ್ ಇಳಿಜಾರು ಲಾರಿ ಇಳಿಯುವಷ್ಟು ಅಗಲವಾಯಿತು, ಜಗಲಿಯ ಮೇಲೆ ವೈಟ್ ರಿಮ್ ದಾರಿ ಮೂಡಿತು. ಇಷ್ಟೆಲ್ಲ ಮಾಡಿದ್ದಕ್ಕೆ ಈ ಜಗಲಿಯಲ್ಲಿ ಸಿಕ್ಕ ಯುರೇನಿಯಂ ಮಾತ್ರ ಹೇಳಿಕೊಳ್ಳುವಂಥದ್ದಲ್ಲ.

ಅವಸರದವರು ಹೋದರು, ದಾರಿ ಉಳಿಯಿತು. ಜೊತೆಗೆ ಅದಿರು ಅರೆದ ಕಸವೂ ಉಳಿಯಿತು. ಮೋವಾಬ್‌ನ ಬಾಗಿಲಲ್ಲೇ, ಕೊಲರಾಡೊ ನದಿಯ ದಡಕ್ಕೆ ಆತು, 1.6 ಕೋಟಿ ಟನ್ ವಿಕಿರಣದ ಬೂದುಮಣ್ಣಿನ ಗುಡ್ಡೆ ಇತ್ತು. 2009ರಿಂದ ಅದನ್ನು ರೈಲಿಗೆ ತುಂಬಿ ಉತ್ತರಕ್ಕೆ ಮೂವತ್ತು ಮೈಲಿ ದೂರದ ಕ್ರೆಸೆಂಟ್ ಜಂಕ್ಷನ್‌ಗೆ ಸಾಗಿಸತೊಡಗಿದರು. ಅಗೆದದ್ದನ್ನು ತೊಳೆಯಲು ದಶಕಕ್ಕಿಂತ ಹೆಚ್ಚು ಬೇಕಾಯಿತು.

ಇಳಿಜಾರು ಮುಗಿದ ಕಡೆ ದಾರಿ ಕವಲೊಡೆಯುತ್ತದೆ. ಎಡಕ್ಕೆ ಪೊಟ್ಯಾಷ್ ರೋಡ್, ನದಿಯ ಪಕ್ಕ ಹಾಯ್ದು ಮೋವಾಬ್‌ಗೆ ವಾಪಸ್. ಆ ಕಡೆ ನೋಡಿದರೆ ಕೆಂಪು ಕಲ್ಲುಗಳ ನಡುವೆ ಈಜುಕೊಳದ ನೀಲಿಯ ದೊಡ್ಡ ದೊಡ್ಡ ಮಡಿಗಳು. ನೆಲದಾಳಕ್ಕೆ ನೀರು ಹೊಗಿಸಿ, ಕರಗಿದ ಪೊಟ್ಯಾಷನ್ನು ಮೇಲೆತ್ತಿ, ಬಿಸಿಲಿಗೆ ಆರಿಸುವ ಕೊಳಗಳು ಅವು. ಬಿಸಿಲನ್ನು ಹೆಚ್ಚು ಹೀರಲಿ ಎಂದು ನೀಲಿ ಬಣ್ಣ ಬೆರೆಸುತ್ತಾರೆ. ಎಲ್ಲರೂ ಫೋಟೋ ತೆಗೆಯುವ ಜಾಗ. ಗೆಳೆಯ ಮಾತ್ರ “ಇದು ನಮ್ಮನೆ ಗೋಡೌನಿನ ವಾಸನೆ” ಎಂದ. ಎಂಒಪಿ ಎಂಬ ಪೊಟ್ಯಾಷ್ ಗೊಬ್ಬರದ ಮೂಟೆ ಇಲ್ಲದ ಕಾಫಿತೋಟ ಯಾವುದಿದೆ? ಭಾರತ ತನಗೆ ಬೇಕಾದ ಪೊಟ್ಯಾಷನ್ನು ಬಹುತೇಕ ಹೊರಗಿನಿಂದಲೇ ತರಿಸಿಕೊಳ್ಳುತ್ತದೆ.

ಬಲಕ್ಕೆ ತಿರುಗಿದರೆ ಬಿಳಿ ಅಂಚು ಶುರು. ಇಲ್ಲಿಂದ ಗಾಡಿ ಗಂಟೆಗೆ ಹದಿನೈದು ಇಪ್ಪತ್ತು ಕಿಲೋಮೀಟರಿಗಿಂತ ಜೋರಾಗಿ ಹೋಗುವುದು ಅಪರೂಪ. ದಾರಿ ಒಮ್ಮೆ ಕೆಂಪು ಮಣ್ಣಿನ ಮೇಲೆ, ಇನ್ನೊಮ್ಮೆ ಬರಿಯ ಬಂಡೆಯ ಮೇಲೆ. ಬಂಡೆ ಮೇಲೆ ಬಂದಾಗ ಚಕ್ರದ ಸದ್ದೇ ಬದಲಾಗುತ್ತದೆ. ಕರಕರ ನಿಂತು ಒಂದು ಬಗೆಯ ಗುಂಯ್ ಎನ್ನುವ ನಾದ. ಇಪ್ಪತ್ತೇಳು ಇಪ್ಪತ್ತೆಂಟು ಕೋಟಿ ವರ್ಷಗಳ ಹಿಂದೆ ಯಾವುದೋ ಕಡಲಂಚಿನ ಮರಳುದಿಬ್ಬಗಳಾಗಿದ್ದದ್ದು ಒತ್ತಿ ಒತ್ತಿ ಗಟ್ಟಿಯಾಗಿ ಈ ಬಿಳಿ ಕಲ್ಲಾಗಿದೆ. ಇದರ ಕೆಳಗಿನ ಪದರ ಮೆತ್ತನೆಯ ಕೆಂಪು ಕಲ್ಲು. ಮಳೆಗೆ, ಗಾಳಿಗೆ ಕೆಳಗಿನದು ಸವೆಯುತ್ತ ಹೋಗುತ್ತದೆ, ಮೇಲಿನ ಬಿಳಿ ಹಾಸು ಚಾವಣಿಯ ಹಾಗೆ ಮುಂಚಾಚಿ ಉಳಿಯುತ್ತದೆ. ಆಧಾರ ಪೂರ್ತಿ ಹೋದ ದಿನ ತುಂಡಾಗಿ ಬೀಳುತ್ತದೆ. ಮಸೆಲ್‌ಮನ್ ಆರ್ಚ್ ಎಂಬಲ್ಲಿ ಕೆಳಗಿನದೆಲ್ಲ ಬಿದ್ದುಹೋಗಿ ಅಂಚಿನ ಒಂದು ಪಟ್ಟಿ ಮಾತ್ರ ಸೇತುವೆಯಂತೆ ಉಳಿದಿದೆ. ಚಪ್ಪಟೆ, ನೇರ. ಕೆಳಗೆ ನೂರಾರು ಅಡಿ ಆಕಾಶ.

ಇನ್ನೂ ದಕ್ಷಿಣಕ್ಕೆ ಹೋದರೆ ಮಾನ್ಯುಮೆಂಟ್ ಬೇಸಿನ್. ಜಗಲಿಯೊಳಕ್ಕೆ ಕಚ್ಚಿಕೊಂಡ ಭಾರಿ ಹಳ್ಳ. ಅದರೊಳಗೆ ಕೆಂಪು ಕಲ್ಲಿನ ಕಂಬಗಳು ಗುಂಪುಗುಂಪಾಗಿ ನಿಂತಿವೆ. ಕೆಲವಕ್ಕೆ ಬಿಳಿ ಕಲ್ಲಿನ ಟೊಪ್ಪಿ ಇನ್ನೂ ತಲೆಯ ಮೇಲಿದೆ, ಅವು ಎತ್ತರವಾಗಿ ಉಳಿದಿವೆ. ಟೊಪ್ಪಿ ಬಿದ್ದವು ಕರಗುತ್ತಿವೆ. ಬಿಸಿಲು ವಾಲಿದಂತೆ ಒಂದೊಂದು ಕಂಬದ ನೆರಳೂ ಇನ್ನೊಂದರ ಮೈ ಹತ್ತಿ, ಕೆಂಪು ಮೊದಲು ನೇರಳೆಗೆ, ಆಮೇಲೆ ಕಂದಿಗೆ ತಿರುಗುವುದನ್ನು ನೋಡುತ್ತ ಗಾಡಿಯ ಮೂತಿಯ ಮೇಲೆ ಕೂರಬಹುದು. ಎಂಜಿನ್ ಆರಿಸಿದ ಮೇಲೆ ಲೋಹ ತಣಿಯುವ ಟಿಕ್ ಟಿಕ್ ಬಿಟ್ಟರೆ ಬೇರೆ ಸದ್ದಿಲ್ಲ. ಇಷ್ಟು ದೂರ ಈ ಸದ್ದಿನ ಯಂತ್ರದಲ್ಲಿ ಬಂದದ್ದಕ್ಕೆ ಕೊಂಚ ನಾಚಿಕೆಯೂ ಆಗುತ್ತದೆ, ಇದಿಲ್ಲದಿದ್ದರೆ ಬರಲು ಆಗುತ್ತಿರಲಿಲ್ಲ ಎಂಬ ಸಮಾಧಾನವೂ ಆಗುತ್ತದೆ. ಎರಡೂ ನಿಜ.

ಗಾಡಿಯಿಂದ ಇಳಿದರೆ ಎಲ್ಲಿ ಕಾಲಿಡಬೇಕು ಎಂಬುದೇ ಇಲ್ಲಿ ದೊಡ್ಡ ಪಾಠ. ಬಂಡೆಯ ಮೇಲಿಡಬಹುದು, ಮಳೆನೀರು ಹರಿದ ಮರಳಿನ ತೋಡಿನಲ್ಲಿಡಬಹುದು, ದಾರಿಯ ಮೇಲಿಡಬಹುದು. ಉಳಿದ ನೆಲ ಮುಟ್ಟಬಾರದು. ದಾರಿಯಂಚಿನಲ್ಲಿ ಮಂಡಿಯೂರಿ ಭೂತಗನ್ನಡಿ ಹಿಡಿದಾಗ ಏಕೆಂದು ಕಂಡಿತು. ದೂರಕ್ಕೆ ಖಾಲಿ ಮಣ್ಣಿನಂತಿದ್ದ ನೆಲ ಹತ್ತಿರದಿಂದ ಕಪ್ಪಗೆ ಉಬ್ಬುಉಬ್ಬಾಗಿ, ಪಾತ್ರೆಗೆ ತಳ ಹಿಡಿದ ಅನ್ನದ ಚಕ್ಕೆಯಂತಿದೆ. ಉಬ್ಬುಗಳ ನೆತ್ತಿಯಲ್ಲಿ ಕಲ್ಲುಹೂವಿನ ಬಿಳಿ, ಹಳದಿ ಚುಕ್ಕೆಗಳು, ಸಂದಿನಲ್ಲಿ ಒಣಗಿ ಮುರುಟಿದ ಪಾಚಿ. ಒಂದು ಕಡೆ ಅಂಚು ಮುರಿದಿತ್ತು. ಅಲ್ಲಿ ಮರಳಿನ ಕಣಗಳು ಉದುರದೆ ಕಣ್ಣಿಗೆ ಕಂಡೂ ಕಾಣದ ಎಳೆಗಳಿಂದ ಜೋತಾಡುತ್ತಿದ್ದವು. ಆ ಎಳೆಗಳು ಸಯನೊಬ್ಯಾಕ್ಟೀರಿಯಾದವು. ಒದ್ದೆಯಾದಾಗ ಮಣ್ಣಿನೊಳಗೆ ಹರಿದಾಡಿ ಅಂಟಿನ ಕೊಳವೆ ಬಿಟ್ಟು ಹೋಗುತ್ತವೆ, ಆ ಅಂಟು ಮರಳನ್ನು ಹೊಲಿದುಕೊಂಡಿದೆ. ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುವುದೂ, ಮಳೆಗೆ ಮಣ್ಣು ಕೊಚ್ಚಿಹೋಗದಂತೆ ಹಿಡಿಯುವುದೂ ಈ ಕಪ್ಪು ಚಕ್ಕೆಯೇ. ಒಮ್ಮೆ ತುಳಿದರೆ ಪುಡಿ. ಮತ್ತೆ ಕಟ್ಟಿಕೊಳ್ಳಲು ದಶಕಗಳು ಬೇಕು, ಕಲ್ಲುಹೂವು ಮರಳಲು ಇನ್ನೂ ಹೆಚ್ಚು.

ಟೈರಿನ ಗುರುತು ಎಂದರೆ ಏನೆಂದು ಆಗ ಅರ್ಥವಾಯಿತು. ಪಶ್ಚಿಮಘಟ್ಟದ ಹುಲ್ಲುಗಾವಲಿನಲ್ಲಿ ಜೀಪು, ಬೈಕಿನವರು ಎಳೆದ ಗೀರುಗಳನ್ನು ನೋಡಿ ಹೊಟ್ಟೆ ಉರಿದುಕೊಂಡವರು ನಾವು. ಅಲ್ಲಿ ಒಂದೆರಡು ಮಳೆಗಾಲ ಬಿಟ್ಟರೆ ಹುಲ್ಲಾದರೂ ಮುಚ್ಚೀತು. ಇಲ್ಲಿ ವರ್ಷಕ್ಕೆ ಬೀಳುವುದು ಸುಮಾರು 23 ಸೆಂಟಿಮೀಟರ್ ಮಳೆ. ಆಗುಂಬೆಯ ಜುಲೈ ತಿಂಗಳಿನಲ್ಲಿ ಒಂದು ವಾರಕ್ಕೇ ಅಷ್ಟನ್ನು ಮೀರುತ್ತದೆ. ಮುಚ್ಚುವವರು ಯಾರೂ ಇಲ್ಲ. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ ಜನರಲ್ ಪ್ಯಾಟನ್‌ನ ಸೈನಿಕರು 1942ರಲ್ಲಿ ತಾಲೀಮಿಗೆ ಓಡಿಸಿದ ಟ್ಯಾಂಕುಗಳ ಜಾಡು ಇಂದಿಗೂ ಕಾಣುತ್ತದೆ.

ಬಂಡೆಯ ಮೇಲೆ ಅಲ್ಲಲ್ಲಿ ನೀರು ನಿಂತ ಗುಳಿಗಳಿವೆ. ಕೆಲವು ತಟ್ಟೆಯಷ್ಟು, ಕೆಲವು ಬಾವಿಯಷ್ಟು. ಬೇಸಿಗೆಯಲ್ಲಿ ಒಣಗಿ ತಳದಲ್ಲಿ ಬರೀ ಹೂಳು. ಮಳೆ ಬಂದ ಕೆಲವೇ ದಿನಕ್ಕೆ ಅದರೊಳಗೆ ಬೆರಳುಗುರಿನಷ್ಟು ಪಾರದರ್ಶಕ ಸೀಗಡಿಗಳು ಬೆನ್ನ ಮೇಲೆ ಈಜುತ್ತಿರುತ್ತವೆ. ಮೊಟ್ಟೆಗಳು ವರ್ಷಗಟ್ಟಲೆ ಒಣ ಹೂಳಿನಲ್ಲಿ ಬಿಸಿಲು, ಹಿಮ ಎರಡನ್ನೂ ತಡೆದುಕೊಂಡು ಕಾದಿರುತ್ತವೆ. ನೀರು ಆರುವ ಮುಂಚೆ ಹುಟ್ಟಿ, ಬೆಳೆದು, ಮೊಟ್ಟೆಯಿಟ್ಟು ಮುಗಿಸಬೇಕು. ಬೆವರು, ಸನ್‌ಸ್ಕ್ರೀನ್ ಮೆತ್ತಿದ ಕೈಯನ್ನು ಆ ನೀರಿಗೆ ಅದ್ದಬೇಡಿ ಎಂದು ರೇಂಜರುಗಳು ಪದೇ ಪದೇ ಹೇಳುತ್ತಾರೆ.

ತಂಗುವ ಜಾಗಗಳು ಗೊತ್ತುಮಾಡಿದವು. ಹತ್ತು ಕಡೆಯಲ್ಲಿ ಒಟ್ಟು ಇಪ್ಪತ್ತು ಬಿಡಾರ. ಒಂದು ತಂಡಕ್ಕೆ ಹೆಚ್ಚೆಂದರೆ ಮೂರು ವಾಹನ, ಹದಿನೈದು ಜನ. ಸೌದೆ ಉರಿಸುವಂತಿಲ್ಲ, ನಾಯಿ ತರುವಂತಿಲ್ಲ, ಎಟಿವಿ, ಯುಟಿವಿ ಎಂಬ ಗದ್ದಲದ ಪುಟ್ಟ ಗಾಡಿಗಳಿಗೆ ಪ್ರವೇಶವಿಲ್ಲ. ತಲೆಗೆ ದಿನಕ್ಕೆ ನಾಲ್ಕು ಲೀಟರ್ ನೀರು ಎಂಬುದು ಕನಿಷ್ಠ ಲೆಕ್ಕ. ಆ ಲೆಕ್ಕ ಅಡುಗೆಯನ್ನೂ ತೀರ್ಮಾನಿಸುತ್ತದೆ. ಅನ್ನ ನೀರು ಕುಡಿಯುತ್ತದೆ, ಪಾತ್ರೆ ತೊಳೆಯುವುದು ಇನ್ನೂ ಕುಡಿಯುತ್ತದೆ. ಗೊಜ್ಜವಲಕ್ಕಿಗೆ ಸಮನಾದ ಮರುಭೂಮಿಯ ಊಟ ಇಲ್ಲ ಎನ್ನುವುದು ಗೆಳೆಯನ ಖಚಿತ ಅಭಿಪ್ರಾಯ, ನನಗೂ ತಕರಾರಿಲ್ಲ. ಕಾಡುಕಾಗೆಗಳಿಗೂ ಅದು ಹಿಡಿಸಿದಂತಿತ್ತು. ರೇವನ್ ಎಂಬ ಈ ದೊಡ್ಡ ಕಾಗೆಗಳು ಚೀಲದ ಜಿಪ್ ಎಳೆದು ತೆಗೆಯುವುದರಲ್ಲಿ ನಿಸ್ಸೀಮರು. ಕತ್ತಲಾದ ಮೇಲೆ ಆಕಾಶಗಂಗೆ ಒಂದು ಬಂಡೆಗೋಡೆಯಿಂದ ಇನ್ನೊಂದಕ್ಕೆ ಹಾಸಿಕೊಳ್ಳುತ್ತದೆ. ದೀಪದ ಮಾಲಿನ್ಯವಿಲ್ಲದ ಆಕಾಶವೆಂದು ಈ ಉದ್ಯಾನಕ್ಕೆ 2015ರಲ್ಲಿ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿದೆ.

ಮರ್ಫಿ ಹಾಗ್‌ಬ್ಯಾಕ್ ಈ ದಾರಿಯ ಗಂಟಲು. ಜಗಲಿಗೆ ಅಡ್ಡವಾಗಿ ಬಂದ ಗುಡ್ಡದ ಬೆನ್ನನ್ನು ಹತ್ತಿಯೇ ಆ ಕಡೆಗೆ ಇಳಿಯಬೇಕು. ಒಂದೇ ಗಾಡಿಯ ಅಗಲ, ಕಡಿದಾದ ಏರು, ನಡುವೆ ಮೆಟ್ಟಿಲಿನಂತೆ ಎದ್ದ ಕಲ್ಲುಗಳು, ನೆತ್ತಿಗೆ ಹೋಗುವವರೆಗೆ ಆಚೆ ಏನಿದೆ ಎಂದು ಕಾಣುವುದಿಲ್ಲ. ಗೆಳೆಯ ಬುಡದಲ್ಲಿ ಗಾಡಿ ನಿಲ್ಲಿಸಿ ನಡೆದೇ ಹತ್ತಿದ. ಯಾರೂ ಎದುರು ಬರುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಇಳಿಯುವಾಗ ಒಂದೊಂದು ಕಲ್ಲನ್ನೂ ನೋಡುತ್ತ, ಎಲ್ಲಿ ಯಾವ ಚಕ್ರ ಎಂದು ಮನಸ್ಸಿನಲ್ಲೇ ಗೆರೆ ಎಳೆದುಕೊಂಡ. ದೊಡ್ಡ ಕಲ್ಲನ್ನು ಎರಡು ಚಕ್ರದ ನಡುವೆ ಬಿಟ್ಟುಕೊಂಡು ಹೋಗುತ್ತೇನೆಂದರೆ ಅಡಿಯ ಡಿಫರೆನ್ಷಿಯಲ್ಲಿಗೆ ಬಡಿಯುತ್ತದೆ. ಚಕ್ರವನ್ನೇ ಅದರ ತಲೆಯ ಮೇಲೆ ಹತ್ತಿಸಬೇಕು. ನನ್ನನ್ನು ಮುಂದೆ ನಿಲ್ಲಿಸಿ ಕೈಸನ್ನೆ ಮಾಡಲು ಹೇಳಿದ. ಹತ್ತತೊಡಗಿದ ಗಾಡಿ ನಡೆಯುವವನಿಗಿಂತ ನಿಧಾನ. ಮುಂದಿನ ಎಡ ಚಕ್ರ ಕಲ್ಲನ್ನು ಮುಟ್ಟಿತು, ರಬ್ಬರು ತಗ್ಗಿತು, ಒಂದು ಕ್ಷಣ ಯೋಚಿಸಿದಂತೆ ನಿಂತು ಮೇಲೇರಿತು. ಅಷ್ಟೊತ್ತಿಗೆ ಹಿಂದಿನ ಒಂದು ಚಕ್ರ ನೆಲ ಬಿಟ್ಟು ಗಾಳಿಯಲ್ಲಿ ತಿರುಗಿತು. ಯಾವ ಚಕ್ರ ಸುಲಭವಾಗಿ ತಿರುಗುತ್ತದೋ ಅದಕ್ಕೇ ಎಂಜಿನ್ನಿನ ಬಲ ಓಡುವುದು ಸಾಮಾನ್ಯ ಡಿಫರೆನ್ಷಿಯಲ್ಲಿನ ಗುಣ. ಗೆಳೆಯ ಲಾಕ್ ಒತ್ತಿದ. ಎರಡು ಹಿಂಚಕ್ರಗಳೂ ಒಂದಾಗಿ ತಿರುಗತೊಡಗಿ, ನೆಲದಲ್ಲಿದ್ದ ಚಕ್ರ ಗಾಡಿಯನ್ನು ತಳ್ಳಿತು. ಎಲ್ಲೂ ಅಬ್ಬರವಿಲ್ಲ, ಮಣ್ಣು ಎರಚಲಿಲ್ಲ. ಚಕ್ರ ಜಾರಿ ಕಲ್ಲು ಹಾರಿದರೆ ಅದು ಡ್ರೈವರನ ದೌರ್ಬಲ್ಯ ಎಂದೇ ಇಲ್ಲಿನ ಪಳಗಿದವರ ಎಣಿಕೆ. ಟೀವಿಯಲ್ಲಿ ತೋರಿಸುವ ಆಫ್‌ರೋಡಿಂಗಿಗೂ ಇದಕ್ಕೂ ಸಂಬಂಧವೇ ಇಲ್ಲ.

ಆಚೆ ಬದಿಗೆ ಗ್ರೀನ್ ನದಿಯ ಸೀಮೆ. ದಾರಿ ಕೆಲವು ಕಡೆ ನೀರಿನ ಮಟ್ಟದವರೆಗೂ ಇಳಿಯುತ್ತದೆ. ಕಲ್ಲು ಹೋಗಿ ಮರಳು, ಧೂಳಿನಂಥ ಹೂಳು, ದಡದುದ್ದಕ್ಕೂ ಹೊರಗಿನಿಂದ ಬಂದು ಬೇರೂರಿದ ಟ್ಯಾಮರಿಸ್ಕ್ ಪೊದೆ. ಹಾರ್ಡ್‌ಸ್ಕ್ರ್ಯಾಬಲ್ ಎಂಬ ಏರಿನಲ್ಲಿ ನದಿ ಒಂದು ಕಡೆ, ತಿರುವು ಒಂದು ಕಡೆ. ಕೊನೆಗೆ ಮಿನರಲ್ ಬಾಟಮ್‌ನಲ್ಲಿ ಮತ್ತೆ ಗೋಡೆ ಹತ್ತಿ ಮೇಲಿನ ನೆಲಕ್ಕೆ. 2010ರ ಆಗಸ್ಟ್‌ನಲ್ಲಿ ಒಂದೇ ಮಳೆ ಆ ಇಡೀ ಏರುದಾರಿಯನ್ನು ಕೊಚ್ಚಿ ಹಾಕಿತ್ತು. ಮರುವರ್ಷದವರೆಗೆ ದುರಸ್ತಿಯಾಗಲಿಲ್ಲ. ಇಲ್ಲಿನ ನೆಲ ನೀರು ಕುಡಿಯುವುದಿಲ್ಲ, ಬಂಡೆಯ ಮೇಲೆ ಬಿದ್ದದ್ದೆಲ್ಲ ತೋಡಿಗೆ. ಎಲ್ಲೋ ಮೂವತ್ತು ಮೈಲಿ ಆಚೆ ಗುಡುಗಿದ್ದಕ್ಕೆ ಇಲ್ಲಿ ಬಿಸಿಲಿನಲ್ಲೇ ಪ್ರವಾಹ ಬರಬಹುದು.

ಮೋವಾಬ್ ಊರಿನ ಪಕ್ಕದ ಬಂಡೆಗಳಲ್ಲಿ ಬೇರೆಯೇ ಲೋಕ. ಸ್ಯಾಂಡ್ ಫ್ಲ್ಯಾಟ್ಸ್‌ನಲ್ಲಿ ‘ಹೆಲ್ಸ್ ರಿವೆಂಜ್’ ಎಂಬ ದಾರಿಯಿದೆ. ನುಣುಪಾದ ಬಂಡೆಬೆನ್ನಿನ ಮೇಲೆ ಲಕ್ಷಾಂತರ ಟೈರುಗಳು ಬಿಟ್ಟುಹೋದ ಕಪ್ಪು ರಬ್ಬರಿನ ಜಾಡೇ ದಾರಿ. ಕುದುರೆಯ ಲಾಳ ಜಾರುವ ಈ ಕಲ್ಲಿಗೆ ರಬ್ಬರು ಕಚ್ಚಿ ಹಿಡಿಯುತ್ತದೆ. ಗಾಡಿ ಆಕಾಶ ನೋಡುತ್ತ ಏರುತ್ತದೆ, ಬೆಲ್ಟಿಗೆ ಜೋತುಬಿದ್ದು ಇಳಿಯುತ್ತದೆ. ಈಸ್ಟರ್ ಜೀಪ್ ಸಫಾರಿ ಎಂಬ ಜಾತ್ರೆ 1967ರಿಂದ ನಡೆಯುತ್ತಿದೆ, ಆ ವಾರ ಊರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನನಗೆ ಆ ಗದ್ದಲ ರುಚಿಸಲಿಲ್ಲ. ಆದರೆ ಬಂಡೆಗೆ ಏನೂ ಆಗುವುದಿಲ್ಲ, ಆಡುವವರು ಬಂಡೆಯ ಮೇಲೇ ಆಡಲಿ ಎಂಬ ವಾದದಲ್ಲಿ ಹುರುಳಿದೆ.

ಗಾಡಿ ಬೇಕೇ ಬೇಡವೇ ಎಂಬ ಜಗಳ ಇಲ್ಲಿ ಹಳೆಯದು. ಪಕ್ಕದ ಆರ್ಚಸ್ ಎಂಬ ಸಂರಕ್ಷಿತ ಪ್ರದೇಶದಲ್ಲಿ 1950ರ ದಶಕದಲ್ಲಿ ರೇಂಜರ್ ಆಗಿದ್ದ ಎಡ್ವರ್ಡ್ ಆ್ಯಬಿ 1968ರಲ್ಲಿ ಪ್ರಕಟಿಸಿದ ‘ಡೆಸರ್ಟ್ ಸಾಲಿಟೇರ್’ನಲ್ಲಿ ರಾಷ್ಟ್ರೀಯ ಉದ್ಯಾನಗಳಿಂದ ಕಾರುಗಳನ್ನೇ ಹೊರಗಿಡಿ ಎಂದು ವಾದಿಸಿದ. ಮರುಭೂಮಿಯನ್ನು ಅಷ್ಟು ಪ್ರೀತಿಸಿದವನ ಮಾತನ್ನು ತಳ್ಳಿಹಾಕಲಾಗದು. ಆದರೆ ಇನ್ನೊಂದು ಸಂಗತಿಯೂ ಇದೆ. ಅಮೆರಿಕದ ಒಳಾಡಳಿತ ಕಾರ್ಯದರ್ಶಿ ಸ್ಟೀವರ್ಟ್ ಯೂಡಾಲ್‌ಗೆ 1961ರಲ್ಲಿ ಅಣೆಕಟ್ಟೆ ಇಲಾಖೆಯ ಮುಖ್ಯಸ್ಥ ಈ ಕಣಿವೆಗಳನ್ನು ವಿಮಾನದಿಂದ ತೋರಿಸಿದ್ದು ಇಲ್ಲಿ ಅಣೆಕಟ್ಟು ಕಟ್ಟಬಹುದು ಎನ್ನಲಿಕ್ಕೆ. ಯೂಡಾಲ್‌ಗೆ ಕಂಡದ್ದು ಉದ್ಯಾನ. ಆರ್ಚಸ್‌ನ ಮೇಲ್ವಿಚಾರಕ ಬೇಟ್ಸ್ ವಿಲ್ಸನ್ ಆಗಲೇ ವರ್ಷಗಳಿಂದ ಅಧಿಕಾರಿಗಳನ್ನು, ರಾಜಕಾರಣಿಗಳನ್ನು ಜೀಪಿನಲ್ಲಿ ಕೂರಿಸಿಕೊಂಡು ಈ ದಾರಿಗಳಲ್ಲಿ ಕುಲುಕಿಸಿ, ಸಂಜೆ ತಾನೇ ಕೆಂಡದ ಮೇಲೆ ಅಡುಗೆ ಮಾಡಿ ಬಡಿಸಿ, ಇದನ್ನು ಉಳಿಸಬೇಕು ಎಂದು ಒಪ್ಪಿಸುತ್ತಿದ್ದ. 1964ರ ಸೆಪ್ಟೆಂಬರ್ 12ರಂದು ಕ್ಯಾನಿಯನ್‌ಲ್ಯಾಂ‌ಡ್ಸ್ ಉದ್ಯಾನವಾಯಿತು, ವಿಲ್ಸನ್ ಅದರ ಮೊದಲ ಮೇಲ್ವಿಚಾರಕನಾದ. ಯುರೇನಿಯಂಗೆಂದು ಕಡಿದ ದಾರಿಯಲ್ಲಿ, ಯುದ್ಧಕ್ಕೆಂದು ಮಾಡಿದ ಜೀಪಿನಲ್ಲಿ ಬಂದವರೇ ಈ ನೆಲ ಮುಳುಗದಂತೆ ತಡೆದರು. ಹಾಗೆಂದು ಎಲ್ಲ ಜಾಡನ್ನೂ ಉಳಿಸಬೇಕಿಲ್ಲ. ಉದ್ಯಾನದ ಹೊರಗೆ, ಲ್ಯಾಬಿರಿಂತ್ ಕಣಿವೆಯ ಸುತ್ತಮುತ್ತ 317 ಮೈಲಿ ಜಾಡುಗಳನ್ನು 2023ರಲ್ಲಿ ಭೂ ನಿರ್ವಹಣಾ ಇಲಾಖೆ ಮುಚ್ಚಿದಾಗ ಜೀಪಿನ ಸಂಘಟನೆಗಳು ನ್ಯಾಯಾಲಯಕ್ಕೆ ಹೋದವು. ನನ್ನ ಮತ ಇಲಾಖೆಯ ಕಡೆಗೆ. ಇರುವ ದಾರಿಯನ್ನು ನಿಧಾನವಾಗಿ ನೋಡಿ ಮುಗಿಸಿದವರು ಯಾರಿದ್ದಾರೆ?

ಬಿಳಿ ಅಂಚಿನಿಂದ ಪೂರ್ವಕ್ಕೆ ಕಾಣುವುದು ಲಾ ಸಾಲ್ ಪರ್ವತಗಳು. ಅತಿ ಎತ್ತರದ ಮೌಂಟ್ ಪೀಲ್ 12,721 ಅಡಿ. ಮೋವಾಬ್ ಇರುವುದು ನಾಲ್ಕು ಸಾವಿರದಲ್ಲಿ. ಲಾ ಸಾಲ್ ಪಾಸ್ ಎಂಬ ಒರಟು ದಾರಿ ಹತ್ತು ಸಾವಿರ ಅಡಿ ದಾಟಿಸುತ್ತದೆ. ಕುರುಚಲು ಜೂನಿಪರ್ ಹಿಂದೆ ಬೀಳುತ್ತದೆ, ಓಕ್ ಬರುತ್ತದೆ, ಆಮೇಲೆ ಆಸ್ಪೆನ್. ಅಕ್ಟೋಬರ್ ಮೊದಲಲ್ಲಿ ಅದರ ಎಲೆಗಳೆಲ್ಲ ಅರಿಸಿನ. ತೆಳುಗಾಳಿಗೆ ಎಂಜಿನ್ ಏದುತ್ತದೆ. ದಾರಿಗೆ ಅಡ್ಡವಾಗಿ ತೊರೆ ಹರಿಯುತ್ತದೆ, ಅಷ್ಟು ದೂರ ಒಣಕಲ್ಲಿನಲ್ಲಿ ಉರುಳಿದ ಚಕ್ರ ಮೊದಲ ಸಲ ಒದ್ದೆಯಾಗುತ್ತದೆ. ಗೆಳೆಯನಿಗೆ ಹೆಚ್ಚು ಮಾತು ಬಂದದ್ದು ಇಲ್ಲೇ. ಕೆಸರು ಕಂಡರೆ ಮಲೆನಾಡಿನವರಿಗೆ ಹಾಗೇ ಆಗುವುದಿರಬೇಕು.

ಹೋಗುವವರಿದ್ದರೆ ಕೆಲವು ಮಾತು. ವೈಟ್ ರಿಮ್‌ಗೆ ಒಂದು ದಿನಕ್ಕೆ ಹೋದರೂ ಪರವಾನಗಿ ಬೇಕು, ವಸಂತದಲ್ಲಿ ಮತ್ತು ಶರತ್ಕಾಲದಲ್ಲಿ ಬೇಗ ಮುಗಿದುಹೋಗುತ್ತದೆ. ವಿಮಾನ ನಿಲ್ದಾಣದಲ್ಲಿ ಬಾಡಿಗೆಗೆ ಸಿಗುವ ಕಾರಿನ ಕರಾರನ್ನು ಓದಿ, ಬಹುತೇಕ ಮಣ್ಣಿನ ದಾರಿ ನಿಷಿದ್ಧ. ಸರಿಯಾದ ಜೀಪು ಮೋವಾಬ್‌ನಲ್ಲೇ ಬಾಡಿಗೆಗೆ ಸಿಗುತ್ತದೆ. ದಾರಿಯ ಬಹುಭಾಗದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಕೆಟ್ಟು ನಿಂತ ಗಾಡಿಯನ್ನು ಎಳೆದು ತರಿಸಿದರೆ ಸಾವಿರ ಡಾಲರ್ ಮೀರುವುದು ಸಾಮಾನ್ಯ. ಮಳೆಯ ಮುನ್ಸೂಚನೆ ಇದ್ದರೆ ಮೇಲೆಯೇ ಉಳಿಯಿರಿ. ಎದುರು ಗಾಡಿ ಬಂದರೆ ಪಕ್ಕದ ನೆಲಕ್ಕೆ ಚಕ್ರ ಇಳಿಸಬೇಡಿ. ಹಿಂದೆ ಎಷ್ಟೇ ದೂರವಿರಲಿ, ಅಗಲ ಸಿಗುವವರೆಗೆ ರಿವರ್ಸ್ ಹೋಗಿ.